ಎಂಟು ಪಂದ್ಯದ ನಂಬಿಕೆ: ಬೇಕರ್ ಮೇಫೀಲ್ಡ್ ಮತ್ತು ಕ್ಲೀವ್‌ಲ್ಯಾಂಡಿನ 2019ರ ಬೇಸಿಗೆ

ಸೋತದ್ದಕ್ಕೆ ಮೆರವಣಿಗೆ ಹೊರಡಿಸಿದ ಊರು ಕ್ಲೀವ್‌ಲ್ಯಾಂಡ್. 2018ರ ಜನವರಿ 6, ಶನಿವಾರ. ಈರಿ ಸರೋವರದ ಕಡೆಯಿಂದ ಮೂಗು ಮುರಿಯುವಂಥ ಚಳಿಗಾಳಿ. ಸಾವಿರಾರು ಜನ ಕಂದು-ಕಿತ್ತಳೆ ಬಟ್ಟೆ ತೊಟ್ಟು ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಬ್ರೌನ್ಸ್‌ನ ಕ್ರೀಡಾಂಗಣಕ್ಕೆ ಪ್ರದಕ್ಷಿಣೆ ಹಾಕಿದರು. ಮೇಲಿಂದ ನೋಡಿದರೆ ಮೆರವಣಿಗೆ ಸೊನ್ನೆಯ ಹಾಗೆ ಕಾಣಬೇಕು ಅನ್ನುವುದು ಅದರ ಲೆಕ್ಕ. 2017ರ ಋತುವಿನಲ್ಲಿ ತಂಡ ಆಡಿದ್ದು 16 ಪಂದ್ಯ, ಸೋತದ್ದು 16. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗೆ ಹದಿನಾರಕ್ಕೆ ಹದಿನಾರೂ ಸೋತವರು ಅದಕ್ಕೂ ಮುಂಚೆ ಒಬ್ಬರೇ, 2008ರ ಡೆಟ್ರಾಯಿಟ್ ಲಯನ್ಸ್. ಬ್ರೌನ್ಸ್‌ನ 2016ನೇ ಇಸವಿಯೂ ಏನು ಹೆಚ್ಚಲ್ಲ: ಒಂದು ಗೆಲುವು, 15 ಸೋಲು.

ಅದೇ ಊರು ಇಪ್ಪತ್ತು ತಿಂಗಳು ತುಂಬುವುದರೊಳಗೆ, 2019ರ ಆಗಸ್ಟ್‌ನಲ್ಲಿ, ಲೀಗಿನ ಫೈನಲ್ ಆದ ಸೂಪರ್ ಬೌಲ್ ಬಗ್ಗೆ ಮಾತಾಡುತ್ತಿತ್ತು. ತಮಾಷೆಗಲ್ಲ, ಗಂಭೀರವಾಗಿ. ಬಾಜಿ ಕಟ್ಟುವವರ ಪಟ್ಟಿಗಳಲ್ಲೂ ತನ್ನ ಡಿವಿಷನ್, ಅಂದರೆ ನಾಲ್ಕು ತಂಡಗಳ ಗುಂಪು, ಗೆಲ್ಲುವ ನೆಚ್ಚಿನ ತಂಡ ಬ್ರೌನ್ಸೇ ಆಗಿತ್ತು. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು. 24 ವರ್ಷದ ಹುಡುಗ, ತಂಡದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್.

ಆ ಬೇಸಿಗೆಯ ನಂಬಿಕೆಯನ್ನು ಆಮೇಲೆ ಎಲ್ಲರೂ ಆಡಿಕೊಂಡು ನಕ್ಕರು. ನಗುವುದು ಸುಲಭ. ಆದರೆ ಅಭಿಮಾನಿಗಳು ಹುಡುಗನ ವಿಷಯದಲ್ಲಿ ತಪ್ಪಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರು ತಪ್ಪಿದ್ದು ಹುಡುಗನ ಮುಂದೆ ನಿಲ್ಲುವವರ ವಿಷಯದಲ್ಲಿ. ಅದಕ್ಕೆ ಬೇಕಾದ ಸಾಕ್ಷಿಯೆಲ್ಲ ಋತು ಶುರುವಾಗುವ ಮುಂಚೆಯೇ ಅವರ ಕಣ್ಣೆದುರು ಬಿದ್ದಿತ್ತು.

ಮೂವತ್ತನೆಯವನು

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಎಸೆಯಬೇಕೆಂದಿದ್ದರೆ ಅವನಿಗೆ ಸಿಗುವುದು ಎರಡೂವರೆ ಮೂರು ಸೆಕೆಂಡು. ಅಷ್ಟರೊಳಗೆ ಯಾರು ಎಲ್ಲಿ ಖಾಲಿ ಇದ್ದಾರೆ ನೋಡಬೇಕು, ಎಸೆಯಬೇಕು. ಆ ಮೂರು ಸೆಕೆಂಡನ್ನು ಅವನಿಗೆ ಗಳಿಸಿಕೊಡುವವರು ಮುಂದೆ ಸಾಲಾಗಿ ನಿಲ್ಲುವ ಐದು ಜನ ದಢೂತಿ ಆಳುಗಳು: ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ಚೆಂಡು ಕೈಯಲ್ಲಿರುವಾಗಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಸ್ಯಾಕ್. ಎಸೆದ ಚೆಂಡು ಎದುರಾಳಿಯ ಕೈ ಸೇರಿದರೆ ಇಂಟರ್‌ಸೆಪ್ಷನ್. ಚೆಂಡು ಎದುರಾಳಿಯ ತುದಿಯ ಪಟ್ಟಿ, ಅಂದರೆ ಎಂಡ್‌ಝೋನ್, ಸೇರಿದರೆ ಟಚ್‌ಡೌನ್, ಆರು ಪಾಯಿಂಟ್. ಈ ಪ್ರಕರಣಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಕ್ಲೀವ್‌ಲ್ಯಾಂಡಿಗೆ ಕ್ವಾರ್ಟರ್‌ಬ್ಯಾಕ್ ಅಂದರೆ ಹಳೆಯ ಗಾಯ. ತಂಡ ಕೊನೆಯ ಬಾರಿ ಚಾಂಪಿಯನ್ ಆದದ್ದು 1964ರಲ್ಲಿ. 1995ರ ನವೆಂಬರ್‌ನಲ್ಲಿ ಮಾಲೀಕ ಆರ್ಟ್ ಮಾಡೆಲ್ ತಂಡವನ್ನೇ ಬಾಲ್ಟಿಮೋರಿಗೆ ಸಾಗಿಸುತ್ತೇನೆ ಎಂದು ಘೋಷಿಸಿದ. ಆ ವರ್ಷ ಊರಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಜನ ಕುರ್ಚಿಗಳನ್ನು ಕಿತ್ತು ಮೈದಾನಕ್ಕೆ ಎಸೆದರು. ಹೋದ ತಂಡ ರೇವನ್ಸ್ ಎಂದು ಹೆಸರು ಬದಲಿಸಿಕೊಂಡು ಐದೇ ಋತುಗಳಲ್ಲಿ ಸೂಪರ್ ಬೌಲ್ ಗೆದ್ದಿತು. ಮನೆ ಬಿಟ್ಟು ಹೋದವರು ಪಕ್ಕದ ಬೀದಿಯಲ್ಲೇ ಬಂಗಲೆ ಕಟ್ಟಿಸಿದ ಹಾಗೆ.

ಬ್ರೌನ್ಸ್ ಹೆಸರಿನಲ್ಲಿ ಹೊಸ ತಂಡ 1999ರಲ್ಲಿ ಬಂತು. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಮೊದಲ ಆಯ್ಕೆಯಾಗಿ ಟಿಮ್ ಕೌಚ್ ಬಂದ. ಆಗಲಿಲ್ಲ. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾನ್ಜೆಲ್. ಈ ಮೂವರೂ 22ನೇ ಆಯ್ಕೆ, ಮೂವರೂ ನಿಲ್ಲಲಿಲ್ಲ. ಊರಲ್ಲಿ ಒಂದು ಅಂಗಿ ಪ್ರಸಿದ್ಧವಾಗಿತ್ತು: ಕೌಚ್‌ನ ಹಳೆಯ 2ನೇ ನಂಬರಿನ ಜೆರ್ಸಿ. ಅವನ ಹೆಸರು ಹೊಡೆದು ಕೆಳಗೆ ಟೇಪಿನ ಮೇಲೆ ಮುಂದಿನವನ ಹೆಸರು, ಅದನ್ನೂ ಹೊಡೆದು ಅದರ ಕೆಳಗೆ ಮತ್ತೊಬ್ಬ. ಟೇಪು ಇಳಿದು ಇಳಿದು ಅಂಗಿಯ ಅಂಚು ದಾಟಿ ನೇತಾಡುತ್ತಿತ್ತು. 1999ರಿಂದ ಲೆಕ್ಕ ಹಾಕಿದರೆ ಮೇಫೀಲ್ಡ್ ಪಂದ್ಯ ಆರಂಭಿಸಿದ ಮೂವತ್ತನೇ ಕ್ವಾರ್ಟರ್‌ಬ್ಯಾಕ್.

2018ರ ಏಪ್ರಿಲ್ 26ರಂದು ಟೆಕ್ಸಸ್‌ನ ಆರ್ಲಿಂಗ್ಟನ್ನಿನಲ್ಲಿ ಜನರಲ್ ಮ್ಯಾನೇಜರ್ ಜಾನ್ ಡಾರ್ಸಿ ಮೊದಲ ಆಯ್ಕೆಗೆ ಅವನ ಹೆಸರು ಕೊಟ್ಟಾಗ ಹುಬ್ಬೇರಿಸಿದವರು ಬಹಳ. ಎತ್ತರ ಆರಡಿಯ ಮೇಲೆ ಅರ್ಧ ಇಂಚೋ ಏನೋ, ಈ ಕೆಲಸಕ್ಕೆ ಕುಳ್ಳನೇ. ಕಾಲೇಜಿನಲ್ಲಿ ವಿದ್ಯಾರ್ಥಿವೇತನವಿಲ್ಲದೆ ತಾನೇ ಹೋಗಿ ತಂಡದಲ್ಲಿ ನುಸುಳಿದವನು. ಅದೂ ಒಂದಲ್ಲ, ಎರಡು ಕಡೆ: ಮೊದಲು ಟೆಕ್ಸಸ್ ಟೆಕ್, ಆಮೇಲೆ ಓಕ್ಲಹೋಮಾ. ಎರಡನೇ ಕಡೆ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನೇ ಹೊಡೆದ. ಬಾಯಿ ಜೋರು. 2017ರ ಸೆಪ್ಟೆಂಬರ್‌ನಲ್ಲಿ ಒಹಾಯೊ ಸ್ಟೇಟ್ ತಂಡವನ್ನು ಅವರದೇ ನೆಲದಲ್ಲಿ ಸೋಲಿಸಿ, ಮೈದಾನದ ನಟ್ಟನಡುವೆ ಓಕ್ಲಹೋಮಾ ಬಾವುಟ ನೆಟ್ಟಿದ್ದ. ಕ್ಲೀವ್‌ಲ್ಯಾಂಡ್ ಇರುವುದೂ ಒಹಾಯೊ ರಾಜ್ಯದಲ್ಲೇ. ಬ್ರೌನ್ಸ್ ಅಭಿಮಾನಿಗಳಲ್ಲಿ ಅನೇಕರು ಶನಿವಾರ ಒಹಾಯೊ ಸ್ಟೇಟ್‌ಗೆ, ಭಾನುವಾರ ಬ್ರೌನ್ಸ್‌ಗೆ ಕೂಗುವವರು. ಬಾವುಟ ನೆಟ್ಟವನನ್ನೇ ಮನೆ ಅಳಿಯ ಮಾಡಿಕೊಳ್ಳಬೇಕಾಯಿತು.

ಬೀಗ ಹಾಕಿದ ಫ್ರಿಜ್

2018ರ ಋತುವಿಗೆ ಮುಂಚೆ ಬಡ್ ಲೈಟ್ ಬಿಯರ್ ಕಂಪನಿ ಊರಿನ ಬಾರುಗಳಲ್ಲಿ ಸರಪಳಿ ಸುತ್ತಿದ ಫ್ರಿಜ್‌ಗಳನ್ನು ಇಟ್ಟಿತು. ಬ್ರೌನ್ಸ್ ಒಂದು ಪಂದ್ಯ ಗೆದ್ದ ಕ್ಷಣ ಬೀಗ ತಾನಾಗಿ ಬಿಚ್ಚಿಕೊಳ್ಳಬೇಕು, ಒಳಗಿನ ಬಿಯರ್ ಬಿಟ್ಟಿ. ಊರಿನ ದುಃಖ ಜಾಹೀರಾತಿಗೆ ಸರಕಾಗಿತ್ತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಸೆಪ್ಟೆಂಬರ್ 20, ಗುರುವಾರ ರಾತ್ರಿ, ಎದುರಾಳಿ ನ್ಯೂಯಾರ್ಕ್ ಜೆಟ್ಸ್. ಹಿರಿಯ ಕ್ವಾರ್ಟರ್‌ಬ್ಯಾಕ್ ಟೈರಾಡ್ ಟೇಲರ್ ತಲೆಗೆ ಪೆಟ್ಟಾಗಿ ಹೊರನಡೆದಾಗ ಬ್ರೌನ್ಸ್ 0-14ರಿಂದ ಹಿಂದೆ. ಮೊದಲಾರ್ಧ ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ಆಗ ಮೇಫೀಲ್ಡ್ ಇಳಿದ. ಅವನು ಎಸೆದದ್ದು 23, ಗುರಿ ಸೇರಿದ್ದು 17, 201 ಗಜ. ಅಂಕ ಸಮ ಮಾಡುವ ಎರಡು ಪಾಯಿಂಟಿನ ಯತ್ನದಲ್ಲಿ ತಾನೇ ಓಡಿ ಜಾರ್ವಿಸ್ ಲ್ಯಾಂಡ್ರಿ ಎಸೆದ ಚೆಂಡನ್ನೂ ಹಿಡಿದ. 21-17. ಹಿಂದಿನ ಗೆಲುವಿನಿಂದ ಇಲ್ಲಿಗೆ 635 ದಿನ. ಊರ ತುಂಬ ಫ್ರಿಜ್ ಬಾಗಿಲು ತೆರೆದುಕೊಂಡವು.

ಈ ಒಂದು ರಾತ್ರಿ ಬಿಟ್ಟರೆ ಆ ಬೇಸಿಗೆ ಅರ್ಥವಾಗುವುದಿಲ್ಲ. ಅಂಕಿ ಅಂಶ ಆಮೇಲೆ ಬಂತು. ಮೊದಲು ಬಂದದ್ದು, ಇವನು ಇಳಿದರೆ ಬೀಗ ಬಿಚ್ಚುತ್ತದೆ ಅನ್ನುವ ಭಾವ.

ಅಕ್ಟೋಬರ್ 29ಕ್ಕೆ ಮುಖ್ಯ ಕೋಚ್ ಹ್ಯೂ ಜ್ಯಾಕ್ಸನ್ ಮನೆಗೆ ಹೋದ. ಗ್ರೆಗ್ ವಿಲಿಯಮ್ಸ್ ಹಂಗಾಮಿ ಕೋಚ್. ಆಟ ಕರೆಯುವ, ಅಂದರೆ ಪ್ರತಿ ಸಲ ಯಾವ ಆಟ ಆಡಬೇಕೆಂದು ಹೇಳುವ ಹೊಣೆ, ಅಲ್ಲಿಯವರೆಗೆ ರನ್ನಿಂಗ್ ಬ್ಯಾಕ್‌ಗಳಿಗೆ (ಚೆಂಡು ಹಿಡಿದು ಓಡುವವರಿಗೆ) ಪಾಠ ಹೇಳಿಕೊಂಡಿದ್ದ ಫ್ರೆಡ್ಡಿ ಕಿಚನ್ಸ್ ಪಾಲಿಗೆ ಬಂತು. ಮುಂದಿನ ಎಂಟು ಪಂದ್ಯಗಳಲ್ಲಿ ಐದು ಗೆಲುವು. ಋತು ಮುಗಿದಾಗ 7 ಗೆಲುವು, 8 ಸೋಲು, ಒಂದು ಸಮ. ಮೇಫೀಲ್ಡ್ ಎಸೆದ ಟಚ್‌ಡೌನ್ 27, ಮೊದಲ ವರ್ಷದವರ ಪೈಕಿ ಆವರೆಗಿನ ದಾಖಲೆ. ಅದಕ್ಕೆ ಮುಂಚೆ 26ರಲ್ಲಿ ನಿಂತಿದ್ದವರು ಪೇಟನ್ ಮ್ಯಾನಿಂಗ್ ಮತ್ತು ರಸಲ್ ವಿಲ್ಸನ್. ಅಂಥವರ ಸಾಲಿನ ಮೇಲೆ ನಮ್ಮ ಹುಡುಗನ ಹೆಸರು ಕಂಡರೆ ಯಾರಿಗೆ ತಲೆ ತಿರುಗುವುದಿಲ್ಲ?

ಕೊನೆಯ ಪಂದ್ಯ ಬಾಲ್ಟಿಮೋರಿನಲ್ಲಿ, ರೇವನ್ಸ್ ವಿರುದ್ಧ. ಸೋಲು, 24-26. ಕೊನೆಯ ನಿಮಿಷದವರೆಗೂ ಗೆಲುವು ಕೈಯಳತೆಯಲ್ಲಿತ್ತು. ಬ್ರೌನ್ಸ್ ಗೆದ್ದರೆ ತಾವು ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಸೇರಬಹುದು ಎಂಬ ಆಸೆಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಆಟಗಾರರು ತಮ್ಮ ಪಂದ್ಯ ಮುಗಿದ ಮೇಲೂ ಮೈದಾನದಲ್ಲೇ ನಿಂತು ದೊಡ್ಡ ಪರದೆಯಲ್ಲಿ ಮೇಫೀಲ್ಡ್‌ನನ್ನು ನೋಡುತ್ತಿದ್ದರು. ಆಜನ್ಮ ವೈರಿಗಳು ಬ್ರೌನ್ಸ್‌ಗೆ ಹರಕೆ ಹೊತ್ತ ದಿನ! ಅವನ ಕೊನೆಯ ಎಸೆತವನ್ನು ಸಿ.ಜೆ. ಮೋಸ್ಲಿ ಹಿಡಿದ. ಆ ಪಂದ್ಯದಲ್ಲಿ ಮೂರು ಟಚ್‌ಡೌನ್, ಮೂರು ಇಂಟರ್‌ಸೆಪ್ಷನ್. ಬೇಸಿಗೆಯುದ್ದಕ್ಕೂ ಕ್ಲೀವ್‌ಲ್ಯಾಂಡ್ ನೆನಪಿಟ್ಟುಕೊಂಡದ್ದು ಮೊದಲನೇ ಮೂರನ್ನು.

ಒಂದಗುಳು

ಅನ್ನ ಬೆಂದಿದೆಯೋ ನೋಡಲು ಒಂದಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಆ ಅಗುಳನ್ನು ಪಾತ್ರೆಯ ಎಲ್ಲಿಂದ ತೆಗೆದೆವು ಅನ್ನುವುದೂ ಮುಖ್ಯ. ಆ ಎಂಟು ಪಂದ್ಯಗಳನ್ನು ಬಿಡಿಸಿ ನೋಡೋಣ. ಗೆದ್ದದ್ದು ಅಟ್ಲಾಂಟಾ, ಕ್ಯಾರೊಲಿನಾ, ಡೆನ್ವರ್, ಸಿನ್ಸಿನಾಟಿ ಮೇಲೆ. ಸಿನ್ಸಿನಾಟಿ ಎರಡು ಸಲ. ಆ ವರ್ಷ ಅಟ್ಲಾಂಟಾ 7-9, ಕ್ಯಾರೊಲಿನಾ 7-9, ಡೆನ್ವರ್ 6-10, ಸಿನ್ಸಿನಾಟಿ 6-10. ಒಂದಕ್ಕೂ ಗೆಲುವಿನ ಕಡೆ ತೂಕವಿಲ್ಲ. ಸೋತದ್ದು ಕ್ಯಾನ್ಸಸ್ ಸಿಟಿ, ಹ್ಯೂಸ್ಟನ್, ಬಾಲ್ಟಿಮೋರ್ ಕೈಯಲ್ಲಿ. ಮೂರೂ ಪ್ಲೇಆಫ್ ಆಡಿದ ತಂಡಗಳು. ಅಂದರೆ ಬ್ರೌನ್ಸ್ ತನಗಿಂತ ಕೆಳಗಿನವರನ್ನೆಲ್ಲ ಹೊಡೆದು, ಮೇಲಿನವರಿಗೆಲ್ಲ ಸೋತಿತ್ತು. ಸೊನ್ನೆಯಿಂದ ಮೇಲೆದ್ದ ತಂಡಕ್ಕೆ ಅದು ಸಣ್ಣ ಸಾಧನೆಯೇನಲ್ಲ. ಆದರೆ ಅದರ ಮೇಲೆ ಸೂಪರ್ ಬೌಲ್ ಕಟ್ಟುವಂತಿರಲಿಲ್ಲ.

ಇನ್ನೊಂದು ಸಂಖ್ಯೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಎಂಟು ಪಂದ್ಯಗಳಲ್ಲಿ ಮೇಫೀಲ್ಡ್ ಸ್ಯಾಕ್ ಆದದ್ದು ಬರೀ ಐದು ಸಲ. ಅದಕ್ಕೆ ಹಿಂದಿನ ಪಂದ್ಯಗಳಲ್ಲಿ ಇಪ್ಪತ್ತು ಸಲ ಕೆಡವಿಸಿಕೊಂಡಿದ್ದವನು ಅವನೇ. ಹುಡುಗ ಒಂದೇ ವಾರದಲ್ಲಿ ಚುರುಕಾಗಿಬಿಟ್ಟನೇ? ಸ್ವಲ್ಪ ಆಗಿರಬಹುದು, ಕಿಚನ್ಸ್ ಬೇಗ ಎಸೆಯುವ ಆಟಗಳನ್ನೇ ಹೆಚ್ಚು ಕರೆದ. ಉಳಿದದ್ದು ಲೈನಿನ ಕೆಲಸ. ಎಡ ಗಾರ್ಡ್ ಜೋಯಲ್ ಬಿಟೋನಿಯೊ, ನಡುವೆ ಜೆ.ಸಿ. ಟ್ರೆಟರ್, ಬಲ ಗಾರ್ಡ್ ಕೆವಿನ್ ಝೈಟ್ಲರ್. ಕುಳ್ಳ ಕ್ವಾರ್ಟರ್‌ಬ್ಯಾಕಿಗೆ ನಡುವಿನ ಈ ಮೂವರು ಟ್ಯಾಕಲ್‌ಗಳಿಗಿಂತ ಮುಖ್ಯ. ಬದಿಯಿಂದ ನುಗ್ಗಿದವನನ್ನು ತಪ್ಪಿಸಿ ಮುಂದಕ್ಕೆ ಹೆಜ್ಜೆ ಇಡಬಹುದು. ನಡುವೆಯೇ ಗೋಡೆ ಕುಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಕಾಲಿಡಲು ಜಾಗವೂ ಇರುವುದಿಲ್ಲ.

ಹೊಗಳಿಕೆಯ ಮಾತುಗಳಲ್ಲಿ ಝೈಟ್ಲರ್ ಹೆಸರು ಬರಲೇ ಇಲ್ಲ. ಗಾರ್ಡ್‌ನ ಹೆಸರಿನ ಜೆರ್ಸಿ ಯಾರು ಕೊಳ್ಳುತ್ತಾರೆ?

ಮಾರ್ಚ್ ತಿಂಗಳ ಹಬ್ಬ

2019ರ ಮಾರ್ಚ್ 12ರ ಸಂಜೆ ಸುದ್ದಿ ಒಡೆಯಿತು. ನ್ಯೂಯಾರ್ಕ್ ಜಯಂಟ್ಸ್‌ನಿಂದ ಓಡೆಲ್ ಬೆಕಮ್ ಜೂನಿಯರ್ ಬರುತ್ತಿದ್ದಾನೆ. ಒಂದೇ ಕೈಯಲ್ಲಿ ಚೆಂಡು ಹಿಡಿದು ಜಗತ್ತಿಗೆ ಗೊತ್ತಾದವನು, ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳಲ್ಲಿ ಆ ಕಾಲದ ಅತಿ ದೊಡ್ಡವರಲ್ಲೊಬ್ಬ. ಕೊಟ್ಟದ್ದು ಆ ವರ್ಷದ 17ನೇ ಆಯ್ಕೆ, ಮೂರನೇ ಸುತ್ತಿನ ಒಂದು ಆಯ್ಕೆ, ರಕ್ಷಣೆಯ ಆಟಗಾರ ಜಬ್ರಿಲ್ ಪೆಪರ್ಸ್. ಕ್ಲೀವ್‌ಲ್ಯಾಂಡಿಗೆ ಇಂಥವರು ಬರುವುದಿಲ್ಲ, ಇಲ್ಲಿಂದ ಹೋಗುತ್ತಾರೆ; ಎಲ್ಲರೂ ಹಾಗೆಂದೇ ನಂಬಿದ್ದ ಕಾಲ. ಫೆಬ್ರವರಿಯಲ್ಲೇ ರನ್ನಿಂಗ್ ಬ್ಯಾಕ್ ಕರೀಮ್ ಹಂಟ್‌ನನ್ನೂ ತಂಡ ಸೇರಿಸಿಕೊಂಡಿತ್ತು; ಅವನ ಮೇಲೆ ಎಂಟು ಪಂದ್ಯಗಳ ನಿಷೇಧ ಮಾರ್ಚ್‌ನಲ್ಲಿ ಬಿತ್ತು. ಓಟಕ್ಕೆ ನಿಕ್ ಚಬ್, ಇನ್ನೊಂದು ಬದಿಗೆ ಲ್ಯಾಂಡ್ರಿ, ರಕ್ಷಣೆಯಲ್ಲಿ ಮೈಲ್ಸ್ ಗ್ಯಾರೆಟ್. ಕಾಗದದ ಮೇಲೆ ಬರೆದರೆ ಬಾಯಲ್ಲಿ ನೀರೂರುವ ಪಟ್ಟಿ.

ಇದಕ್ಕೆ ಕೆಲವೇ ದಿನ ಮುಂಚೆ, ಅದೇ ಜಯಂಟ್ಸ್ ಜೊತೆ, ಇನ್ನೊಂದು ವ್ಯವಹಾರ ನಡೆದಿತ್ತು. ರಕ್ಷಣೆಗೆ ಒಲಿವಿಯರ್ ವೆರ್ನನ್ ಬಂದ. ಬದಲಿಗೆ ಹೋದವನು ಕೆವಿನ್ ಝೈಟ್ಲರ್.

ಡಾರ್ಸಿಯ ಲೆಕ್ಕ ತೀರಾ ಹುಚ್ಚಿನದಾಗಿರಲಿಲ್ಲ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಮೇಲೆ ಗ್ಯಾರೆಟ್ ಒಬ್ಬನೇ ಎರಗುತ್ತಿದ್ದ, ಜೊತೆಗೊಬ್ಬ ಬೇಕಿತ್ತು. ಝೈಟ್ಲರ್ ಜಾಗಕ್ಕೆ ಹಿಂದಿನ ವರ್ಷ 33ನೇ ಆಯ್ಕೆಯಾಗಿ ತಂದ ಆಸ್ಟಿನ್ ಕಾರ್ಬೆಟ್ ಇದ್ದ. ಆದರೆ ತರಬೇತಿ ಶಿಬಿರ ಮುಗಿಯುವ ಹೊತ್ತಿಗೆ ಕಾರ್ಬೆಟ್ ಆ ಜಾಗ ಗಿಟ್ಟಿಸಲಿಲ್ಲ. ಊರೂರು ಸುತ್ತಿದ ಎರಿಕ್ ಕುಶ್ ಬಲ ಗಾರ್ಡ್ ಆದ. ಅಕ್ಟೋಬರ್‌ನಲ್ಲಿ ಕಾರ್ಬೆಟ್‌ನನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕಳಿಸಿದರು. ಅವನು ಮುಂದೆ ಅಲ್ಲಿ ಸೂಪರ್ ಬೌಲ್ ಗೆದ್ದ ತಂಡದ ಗಾರ್ಡ್ ಆದ. ಇದನ್ನು ಹಣೆಬರಹ ಎನ್ನುವುದೋ, ಕೋಚಿಂಗ್ ಎನ್ನುವುದೋ, ಓದುಗರಿಗೆ ಬಿಟ್ಟಿದ್ದು.

ಕಿಚನ್ಸ್‌ಗೆ ಜನವರಿಯಲ್ಲೇ ಮುಖ್ಯ ಕೋಚ್ ಪಟ್ಟ ಸಿಕ್ಕಿತ್ತು. ಅರ್ಧ ಋತು ಆಟ ಕರೆದದ್ದು ಬಿಟ್ಟರೆ ಎನ್‌ಎಫ್‌ಎಲ್‌ನಲ್ಲಿ ಕೋಆರ್ಡಿನೇಟರ್ (ಆಕ್ರಮಣ ಅಥವಾ ರಕ್ಷಣೆಯ ಹೊಣೆ ಹೊತ್ತ ಕೋಚ್) ಆಗಿ ಅನುಭವವೇ ಇಲ್ಲದವನು. ಅಭಿಮಾನಿಗಳಿಗೆ ಇದೂ ಖುಷಿಯೇ. ಹುಡುಗನಿಗೆ ಹೊಂದಿಕೊಂಡವನು, ನಮ್ಮವನ ಹಾಗೆ ಮಾತಾಡುವವನು. ಅದೇ ಎಂಟು ಪಂದ್ಯಗಳು ಇಲ್ಲಿ ಎರಡನೇ ಸಲ ಖರ್ಚಾದವು: ಒಮ್ಮೆ ಕ್ವಾರ್ಟರ್‌ಬ್ಯಾಕ್ ಮೇಲಿನ ಭರವಸೆಗೆ, ಇನ್ನೊಮ್ಮೆ ಕೋಚ್ ನೇಮಕಕ್ಕೆ.

ಇಷ್ಟು ಹೊತ್ತಿಗೆ ಓದುಗರ ಮನಸ್ಸು ಬೆಂಗಳೂರಿಗೆ, 'ಈ ಸಲ ಕಪ್ ನಮ್ದೇ'ಗೆ ಓಡಿರುತ್ತದೆ. ಹೋಲಿಕೆ ಅರ್ಧಕ್ಕೆ ಮಾತ್ರ ಸರಿ. ಕಪ್ ಗೆಲ್ಲದ ಆ ವರ್ಷಗಳಲ್ಲೂ ಆರ್‌ಸಿಬಿ ಫೈನಲ್ ಆಡಿ ಬಂದ ತಂಡ, ನೋವೆಲ್ಲ ಕೊನೆಯ ಮೆಟ್ಟಿಲಲ್ಲಿ. 2019ಕ್ಕೆ ಬ್ರೌನ್ಸ್ 2002ರ ಋತುವಿನ ನಂತರ ಪ್ಲೇಆಫ್ ಮುಖವನ್ನೇ ಕಂಡಿರಲಿಲ್ಲ. ಊಟಕ್ಕೆ ಕೂತು ಪಾಯಸ ಸಿಗದವನ ಸಂಕಟ ಬೇರೆ, ಪಂಕ್ತಿಗೇ ಕರೆಯದವನ ಹಸಿವು ಬೇರೆ. ಹಸಿದವನು ಎಲೆ ಹಾಕುವ ಸದ್ದಿಗೇ ಊಟ ಮುಗಿಸಿಬಿಡುತ್ತಾನೆ.

ಆಗಸ್ಟ್ 8ರ ಅಭ್ಯಾಸ ಪಂದ್ಯದಲ್ಲಿ, ವಾಷಿಂಗ್ಟನ್ ವಿರುದ್ಧ, ಮೇಫೀಲ್ಡ್ ಆಡಿದ್ದು ಒಂದೇ ಸರಣಿ: ಆರು ಎಸೆತದಲ್ಲಿ ಐದು ಗುರಿಗೆ, ಕೊನೆಗೆ ಟಚ್‌ಡೌನ್. ಅದೇ ರಾತ್ರಿ ಡೇಮನ್ ಶೀಹಿ-ಗಿಸೆಪ್ಪಿ ಎಂಬಾತ, ಇಲ್ಲದ ಪರಿಚಯ ಹೇಳಿಕೊಂಡು ಟ್ರೈಔಟ್‌ಗೆ ನುಸುಳಿ ಬಂದವನು, ಎದುರಾಳಿ ಒದ್ದ ಚೆಂಡು (ಪಂಟ್) ಹಿಡಿದು 86 ಗಜ ಓಡಿ ಅಂಕ ಗಳಿಸಿದ. ಸಹ ಆಟಗಾರರೆಲ್ಲ ಅವನ ಮೇಲೆ ಬಿದ್ದು ಕುಣಿದರು. ಆ ಬೇಸಿಗೆಯಲ್ಲಿ ಬ್ರೌನ್ಸ್ ಮುಟ್ಟಿದ್ದೆಲ್ಲ ಚಿನ್ನ. ಎರಡು ವಾರದ ನಂತರ ಟ್ಯಾಂಪಾದಲ್ಲಿ ಮೇಫೀಲ್ಡ್ ಎಸೆದ 26ರಲ್ಲಿ ಗುರಿ ಸೇರಿದ್ದು 10 ಮಾತ್ರ. ಲೈನ್ ನಿಲ್ಲುತ್ತಿಲ್ಲ ಎಂದು ಕೆಲವರು ಅಂದರು. ಅಭ್ಯಾಸ ಪಂದ್ಯ ತಾನೇ, ಬಿಡಿ ಎಂದರು ಉಳಿದವರು. ಎರಡೂ ಅಭ್ಯಾಸ ಪಂದ್ಯಗಳೇ ಆಗಿದ್ದವು. ಬೆಕಮ್ ಅಂತೂ ಒಂದು ಅಭ್ಯಾಸ ಪಂದ್ಯಕ್ಕೂ ಇಳಿಯಲಿಲ್ಲ. ಅವನೂ ಮೇಫೀಲ್ಡೂ ಒಟ್ಟಿಗೆ ಆಡುವ ಮೊದಲ ಪಂದ್ಯ ಋತುವಿನ ಮೊದಲ ಪಂದ್ಯವೇ ಆಗಬೇಕಿತ್ತು.

ಸೆಪ್ಟೆಂಬರ್ 8

ಭಾನುವಾರ ಮಧ್ಯಾಹ್ನ ಒಂದು ಗಂಟೆ, ನಮ್ಮಲ್ಲಿ ರಾತ್ರಿ ಹತ್ತೂವರೆ. ಎದುರಾಳಿ ಟೆನೆಸ್ಸೀ ಟೈಟನ್ಸ್. ಮೊದಲ ಸಲ ಚೆಂಡು ಸಿಕ್ಕಾಗಲೇ ಬ್ರೌನ್ಸ್ ಓಡಿ ಟಚ್‌ಡೌನ್ ಮಾಡಿತು. ಹೆಚ್ಚುವರಿ ಪಾಯಿಂಟಿನ ಕಿಕ್ ತಪ್ಪಿತು. 6-0. ಕ್ರೀಡಾಂಗಣ ಕಿವಿಗಡಚಿಕ್ಕುವಂತೆ ಕೂಗುತ್ತಿತ್ತು.

ಎರಡನೇ ಕ್ವಾರ್ಟರ್‌ನಲ್ಲಿ ಎಡ ಟ್ಯಾಕಲ್ ಗ್ರೆಗ್ ರಾಬಿನ್ಸನ್ ನೆಲಕ್ಕೆ ಬಿದ್ದವನು ಎದುರಾಳಿಯ ತಲೆಗೆ ಒದ್ದ. ಕೆಂಪು ಕಾರ್ಡ್ ಇಲ್ಲದ ಆಟ ಇದು, ಆದರೂ ಹೊರಗೆ ಕಳಿಸಿದರು. ಬದಲಿಗೆ ಬಂದ ಕೆಂಡಲ್ ಲ್ಯಾಮ್‌ಗೆ ಮೊಣಕಾಲು ನೋವು, ಅವನೂ ಹೋದ. ಕೊನೆಗೆ ಆ ಜಾಗದಲ್ಲಿ ನಿಂತವನು ಜಸ್ಟಿನ್ ಮೆಕ್‌ರೇ, ಮೂಲತಃ ಗಾರ್ಡ್. ಮುಂದೆ ಇರುವವರಲ್ಲಿ ಯಾರನ್ನು ನಂಬಬೇಕೋ ಗೊತ್ತಾಗದ ಕ್ವಾರ್ಟರ್‌ಬ್ಯಾಕ್ ಚೆಂಡು ಕೈಗೆ ಬಂದ ಕೂಡಲೇ ಬಲಕ್ಕೆ ಜರುಗತೊಡಗಿದ. ಟೈಟನ್ಸ್‌ನ ಕ್ಯಾಮರನ್ ವೇಕ್ ಅವನನ್ನು ಬ್ರೌನ್ಸ್‌ನದೇ ಎಂಡ್‌ಝೋನ್‌ನಲ್ಲಿ ಕೆಡವಿ ಎರಡು ಪಾಯಿಂಟ್ ಕಿತ್ತುಕೊಂಡ.

ಇಷ್ಟಾದರೂ ಮೂರನೇ ಕ್ವಾರ್ಟರ್‌ನಲ್ಲಿ 13-15, ಆಟ ಇನ್ನೂ ಕೈಯಲ್ಲೇ ಇತ್ತು. ಆಗ ಟೈಟನ್ಸ್‌ನ ಡೆರಿಕ್ ಹೆನ್ರಿ ಒಂದು ಚಿಕ್ಕ ಪಾಸು ಹಿಡಿದು 75 ಗಜ ಓಡಿಬಿಟ್ಟ. ಅಲ್ಲಿಂದ ಹುಡುಗ ಎಲ್ಲವನ್ನೂ ತಾನೇ ಸರಿಮಾಡಲು ಹೊರಟ. ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂರು ಇಂಟರ್‌ಸೆಪ್ಷನ್. ಕೊನೆಯದನ್ನು ಮಾಲ್ಕಂ ಬಟ್ಲರ್ ಹಿಡಿದು ನೇರ ಟಚ್‌ಡೌನ್‌ಗೆ ಓಡಿದ. 43-13. ಬ್ರೌನ್ಸ್ ಮೇಲೆ ಬಿದ್ದ ದಂಡ 18, ಅದರಿಂದ ಕಳೆದುಕೊಂಡದ್ದು 182 ಗಜ. ಬೆಕಮ್ ಮಣಿಕಟ್ಟಿನಲ್ಲಿ ಲಕ್ಷ ಡಾಲರಿಗೂ ಮೀರಿದ ರಿಚರ್ಡ್ ಮಿಲ್ ಗಡಿಯಾರ ಕಟ್ಟಿಕೊಂಡೇ ಆಡಿದ್ದ. ಮಾರನೇ ದಿನ ಚರ್ಚೆಯಾದದ್ದು ಹೆಚ್ಚಾಗಿ ಆ ಗಡಿಯಾರ.

ಚರ್ಚೆಯಾಗಬೇಕಿದ್ದದ್ದು ಬೇರೆ. ಆ ಮಧ್ಯಾಹ್ನ ಮೇಫೀಲ್ಡ್ ಐದು ಸಲ ಸ್ಯಾಕ್ ಆದ. ಹಿಂದಿನ ವರ್ಷ ಎಂಟು ಪಂದ್ಯಗಳಲ್ಲಿ ಆದಷ್ಟು, ಒಂದೇ ಪಂದ್ಯದಲ್ಲಿ.

ಉಳಿದ ಋತುವನ್ನು ಬೇಗ ಹೇಳಿಬಿಡುತ್ತೇನೆ. ಜೆಟ್ಸ್ ಮೇಲೆ 23-3 ಗೆಲುವು, ಬೆಕಮ್‌ನ 89 ಗಜದ ಟಚ್‌ಡೌನ್. ರ‍್ಯಾಮ್ಸ್ ವಿರುದ್ಧ, ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು, ಇನ್ನೂ ಒಂಬತ್ತು ಗಜ ಬೇಕು. ಕಿಚನ್ಸ್ ಕರೆದದ್ದು ಓಟ. ಇಡೀ ದೇಶ ತಲೆ ಚಚ್ಚಿಕೊಂಡಿತು. ನಾಲ್ಕನೇ ವಾರ ಬಾಲ್ಟಿಮೋರಿನಲ್ಲಿ ರೇವನ್ಸ್ ಮೇಲೆ 40-25, ಚಬ್‌ಗೆ ಮೂರು ಟಚ್‌ಡೌನ್. ಆ ಸಂಜೆ ಬೇಸಿಗೆಯ ಕನಸು ಮತ್ತೆ ಕಣ್ಣುಬಿಟ್ಟಿತು. ಅದಾದ ಮೇಲೆ ರೇವನ್ಸ್ ಸತತ 12 ಪಂದ್ಯ ಗೆದ್ದಿತು. ಅವರ ಕ್ವಾರ್ಟರ್‌ಬ್ಯಾಕ್ ಲಮಾರ್ ಜ್ಯಾಕ್ಸನ್, ಮೇಫೀಲ್ಡ್ ಬಂದ ಅದೇ ಡ್ರಾಫ್ಟ್‌ನ ಮೊದಲ ಸುತ್ತಿನ ಕಟ್ಟಕಡೆಯ ಆಯ್ಕೆ, ಎಲ್ಲ ಮತಗಳನ್ನೂ ಪಡೆದು ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಆದ. ಅದೇ ಬೇಸಿಗೆಯಲ್ಲಿ ಇವನಿಗೆ ಎಸೆಯಲು ಬರುತ್ತದೆಯೇ ಎಂದು ಕೇಳುತ್ತಿದ್ದರು. ಭರವಸೆ ಬೀದಿ ತಪ್ಪಿ ಪಕ್ಕದ ಮನೆ ಬಾಗಿಲು ತಟ್ಟಿತ್ತು.

ಬ್ರೌನ್ಸ್ ಮಾತ್ರ ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೊ ಕೈಯಲ್ಲಿ 3-31. ಮೇಫೀಲ್ಡ್ ಎಸೆದ 22ರಲ್ಲಿ 8. ಅವನನ್ನು ಅಟ್ಟಾಡಿಸಿದವನು ನಿಕ್ ಬೋಸಾ, ಒಹಾಯೊ ಸ್ಟೇಟ್‌ನ ಹುಡುಗ. ಒಮ್ಮೆ ಮೇಫೀಲ್ಡ್ ಎಸೆತ ಕೆಟ್ಟ ಮೇಲೆ ಬೋಸಾ ಮೈದಾನದಲ್ಲಿ ಬಾವುಟ ಬೀಸಿ ನೆಡುವ ಅಭಿನಯ ಮಾಡಿದ. ಎರಡು ವರ್ಷದ ಹಳೆಯ ಬಾಕಿ, ಬಡ್ಡಿ ಸಮೇತ ವಸೂಲಿ. ನವೆಂಬರ್ 14ರಂದು ಸ್ಟೀಲರ್ಸ್ ಮೇಲೆ ಗೆದ್ದ ರಾತ್ರಿ ಮೈಲ್ಸ್ ಗ್ಯಾರೆಟ್ ಎದುರಾಳಿಯ ಹೆಲ್ಮೆಟ್ ಕಿತ್ತು ಅದರಿಂದಲೇ ಹೊಡೆದು ಋತು ಮುಗಿಯುವವರೆಗೆ ನಿಷೇಧಕ್ಕೊಳಗಾದ. ಕೊನೆಗೆ 6 ಗೆಲುವು, 10 ಸೋಲು. ಮೇಫೀಲ್ಡ್‌ಗೆ 22 ಟಚ್‌ಡೌನ್, 21 ಇಂಟರ್‌ಸೆಪ್ಷನ್, 40 ಸ್ಯಾಕ್. ಡಿಸೆಂಬರ್ 29ರ ರಾತ್ರಿ ಕಿಚನ್ಸ್ ಹೋದ, ವರ್ಷ ಮುಗಿಯುವುದರೊಳಗೆ ಡಾರ್ಸಿಯೂ ಹೋದ. ಅಷ್ಟೂ ದಿನ ಟಿವಿಯಲ್ಲಿ ಪ್ರೊಗ್ರೆಸಿವ್ ವಿಮೆಯ ಜಾಹೀರಾತು ಬರುತ್ತಲೇ ಇತ್ತು, ಮೇಫೀಲ್ಡ್ ತನ್ನ ಹೆಂಡತಿಯೊಂದಿಗೆ ಕ್ರೀಡಾಂಗಣವನ್ನೇ ಮನೆ ಮಾಡಿಕೊಂಡು ಸಂಸಾರ ಹೂಡಿದ ಹಾಗೆ. ಸೋತ ಪಂದ್ಯದ ವಿರಾಮದಲ್ಲಿ ಅದನ್ನು ನೋಡುವುದು ಎಂಥ ಶಿಕ್ಷೆ ಎಂದು ಅಲ್ಲಿಯವರನ್ನೇ ಕೇಳಬೇಕು.

ಹುಡುಗನ ಪಾಲು ಎಷ್ಟು?

ಎಲ್ಲವನ್ನೂ ಲೈನಿನ ತಲೆಗೆ ಕಟ್ಟುವುದೂ ಸರಿಯಲ್ಲ. 2019ರಲ್ಲಿ ಮೇಫೀಲ್ಡ್ ಕಾಪು ಸರಿಯಾಗಿದ್ದಾಗಲೂ ಓಡುತ್ತಿದ್ದ, ಅದು ಪಂದ್ಯ ನೋಡಿದ ಯಾರಿಗೂ ಕಾಣುತ್ತಿತ್ತು. ಒಮ್ಮೆ ಹಾವು ಕಚ್ಚಿದವನಿಗೆ ಹಗ್ಗವೂ ಹಾವೇ. ಕಾಲೇಜಿನಿಂದ ಅವನ ಆಟದ ಸೊಗಸೇ ಆ ಮೊಂಡುತನ, ಆಗದ ಎಸೆತವನ್ನೂ ಎಸೆದೇ ನೋಡುವ ಹಟ. ಗೆದ್ದ ದಿನ ಅದನ್ನು ಧೈರ್ಯ ಅಂದವರೇ ಸೋತ ದಿನ ಅಹಂಕಾರ ಅಂದರು. ಬೆಕಮ್ ಕೂಡ ಆ ಋತುವಿಡೀ ಸೊಂಟದ ನೋವಿನಲ್ಲೇ ಆಡಿದ, 2020ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ.

ಆದರೂ ಮುಂದಿನ ವರ್ಷ ನಡೆದದ್ದನ್ನು ನೋಡಿದರೆ ನನ್ನ ತಕ್ಕಡಿ ಒಂದು ಕಡೆಗೇ ವಾಲುತ್ತದೆ. 2020ರಲ್ಲಿ ಹೊಸ ಕೋಚ್ ಕೆವಿನ್ ಸ್ಟೆಫಾನ್ಸ್ಕಿ. ಮೊದಲು ಮಾಡಿದ ಕೆಲಸ ಗೋಡೆ ಕಟ್ಟುವುದು: ಬಲ ಟ್ಯಾಕಲ್‌ಗೆ ಟೆನೆಸ್ಸೀಯಿಂದಲೇ ಜ್ಯಾಕ್ ಕಾಂಕ್ಲಿನ್, ಎಡಕ್ಕೆ 10ನೇ ಆಯ್ಕೆಯಾಗಿ ಜೆಡ್ರಿಕ್ ವಿಲ್ಸ್, ಲೈನ್ ಪಳಗಿಸಲು ಬಿಲ್ ಕ್ಯಾಲಹನ್. ಬಲ ಗಾರ್ಡ್ ಜಾಗದಲ್ಲಿ ವೈಯಟ್ ಟೆಲ್ಲರ್ ಬೇರೂರಿದ. ಕ್ವಾರ್ಟರ್‌ಬ್ಯಾಕ್ ಅವನೇ. 26 ಟಚ್‌ಡೌನ್, ಇಂಟರ್‌ಸೆಪ್ಷನ್ 21ರಿಂದ 8ಕ್ಕೆ ಇಳಿಯಿತು, ತಂಡಕ್ಕೆ 11 ಗೆಲುವು. ಅಕ್ಟೋಬರ್ 25ರಂದು ಸಿನ್ಸಿನಾಟಿಯಲ್ಲಿ ಬೆಕಮ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಹೊರನಡೆದ. ಅದೇ ಪಂದ್ಯದಲ್ಲಿ ಮೇಫೀಲ್ಡ್ ಐದು ಟಚ್‌ಡೌನ್ ಎಸೆದ. 2019ರ ಬೇಸಿಗೆಯಲ್ಲಿ ಯಾರ ಅಂಗಿ ಕೊಳ್ಳಲು ಸಾಲು ನಿಂತಿದ್ದರೋ ಅವನಿಲ್ಲದೆಯೇ ತಂಡ ಪ್ಲೇಆಫ್ ಸೇರಿತು, 18 ವರ್ಷದಲ್ಲಿ ಮೊದಲ ಬಾರಿ.

ಆಮೇಲಿನದು ಇನ್ನೊಂದು ಕಥೆ: 2021ರಲ್ಲಿ ಭುಜದ ಗಾಯ, 2022ರ ಮಾರ್ಚ್‌ನಲ್ಲಿ ಡಿಶಾನ್ ವಾಟ್ಸನ್‌ಗೆ 23 ಕೋಟಿ ಡಾಲರ್‌ನ ಖಾತ್ರಿ ಒಪ್ಪಂದ, ಜುಲೈನಲ್ಲಿ ಮೇಫೀಲ್ಡ್ ಕ್ಯಾರೊಲಿನಾಕ್ಕೆ. ಕೊನೆಗೆ ಟ್ಯಾಂಪಾದಲ್ಲಿ ನೆಲೆ ಕಂಡು 2024ರಲ್ಲಿ 41 ಟಚ್‌ಡೌನ್ ಎಸೆದ. 2019ರ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡಿನವರು ಕಂಡ ಆಟಗಾರ ಕಲ್ಪನೆಯಲ್ಲಿದ್ದವನಲ್ಲ, ಅವನು ನಿಜಕ್ಕೂ ಇದ್ದ.

ನನಗೆ ಈ ಪ್ರಕರಣ ಮುಗಿಯುವುದು 2021ರ ಜನವರಿ 10ರ ರಾತ್ರಿ, ಪಿಟ್ಸ್‌ಬರ್ಗಿನಲ್ಲಿ. ಪ್ಲೇಆಫ್ ಪಂದ್ಯ. ಕೋವಿಡ್ ಬಂದು ಕೋಚ್ ಸ್ಟೆಫಾನ್ಸ್ಕಿ ಮನೆಯ ನೆಲಮಾಳಿಗೆಯಲ್ಲಿ ಟಿವಿ ಮುಂದೆ ಕೂತಿದ್ದ. ಗಾರ್ಡ್ ಬಿಟೋನಿಯೊ, 2014ರಿಂದ ಈ ತಂಡದಲ್ಲಿ ಸೋಲುಗಳನ್ನೇ ಉಂಡವನು, ಅವನಿಗೂ ಕೋವಿಡ್. ಸ್ಟೀಲರ್ಸ್‌ನ ಸೆಂಟರ್ ಹಿಂದಕ್ಕೆ ಕೊಟ್ಟ ಮೊದಲ ಚೆಂಡೇ ಅವರ ಕ್ವಾರ್ಟರ್‌ಬ್ಯಾಕ್ ತಲೆಯ ಮೇಲಿಂದಲೇ ಹಾರಿಹೋಯಿತು, ಮೊದಲ ಕ್ವಾರ್ಟರ್ ಮುಗಿದಾಗ 28-0. ಬಿಟೋನಿಯೊ ಬದಲಿಗೆ ನಿಂತ ಮೈಕಲ್ ಡನ್ ಪಂದ್ಯದ ಕೊನೆಯ ಭಾಗದಲ್ಲಿ ಗಾಯಗೊಂಡ. ಆಗ ಇಳಿದವನು ಬ್ಲೇಕ್ ಹ್ಯಾನ್ಸ್, ಕೆಲವೇ ದಿನ ಮುಂಚೆ ಜೆಟ್ಸ್‌ನ ಅಭ್ಯಾಸ ಪಡೆಯಿಂದ ಬಂದವನು. 48-37ರಲ್ಲಿ ಗೆದ್ದ ಮೇಲೆ ಮೇಫೀಲ್ಡ್ ನಗುತ್ತಾ ಹೇಳಿದ: ಬ್ಲೇಕ್ ಅನ್ನುವವನೊಬ್ಬ ನನ್ನ ಮುಂದೆ ನಿಂತಿದ್ದ, ಪಂದ್ಯಕ್ಕೆ ಮುಂಚೆ ಲಾಕರ್ ರೂಮಿನಲ್ಲಿ ಅವನಿಗೆ ನನ್ನ ಪರಿಚಯ ಮಾಡಿಕೊಂಡೆ.

ಆ ರಾತ್ರಿ ಮೇಫೀಲ್ಡ್ ಒಂದು ಸಲವೂ ಸ್ಯಾಕ್ ಆಗಲಿಲ್ಲ.